ಕ್ಲೋಕ್‌ರೂಮಿನಲ್ಲಿಟ್ಟ ಕೈ

ಸೋನಾರ್‌ಪುರದ ಅಖಾಡದಲ್ಲಿ ಎಮ್ಮೆ ಗಾತ್ರದ ಪೈಲ್ವಾನನೊಬ್ಬನನ್ನು ಒಂದೇ ಕೈಯಲ್ಲಿ ಚಿತ್ ಮಾಡಿದವನು ನಾನು. ನೋಡಿದ್ದ ನಾಲ್ವರೂ ಮಣಿಕರ್ಣಿಕೆ ಘಾಟಿನ ಚಿತೆ ಸೇರಿದರು. ಅನುಮಾನವಿದ್ದರೆ ಗಂಗಮ್ಮನನ್ನು ಕೇಳಿಕೊಳ್ಳಿ. ಈ ಹೆಸರಿನಿಂದಲೇ ವಿಚಿತ್ರ ಪಂಚಾಯ್ತಿಗಳೆಲ್ಲ ನನ್ನನ್ನು ಹುಡುಕಿಕೊಂಡು ಬರುತ್ತವೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಶಿವಾಲದ ನಮ್ಮ ಮಠದಲ್ಲಿ ನಾನು ಅಡುಗೆಯವನು. ಭಾನುವಾರ ವಿಶ್ವವಿದ್ಯಾಲಯದಿಂದ ಧಾರವಾಡದ ಮೇಷ್ಟ್ರು, ಮೈಸೂರಿನ ಡಾಕ್ಟರಮ್ಮ ಊಟಕ್ಕೆ ಬಂದು, ಉಂಡ ಮೇಲೆ ಪಡಸಾಲೆಯಲ್ಲಿ ಆಟ ಹೂಡುತ್ತಿದ್ದರು. ಕಾಗದದ ಮೇಲೆ ವೀರನೊಬ್ಬನನ್ನು ಬರೆದುಕೊಂಡು, ದಾಳ ಉರುಳಿಸಿ ರಾಕ್ಷಸರನ್ನು ಬಡಿಯುವ ಆಟ. ಕಥೆ ನಡೆಸುವವರು ಮೇಷ್ಟ್ರು. ನಿಯಮದ ಪುಸ್ತಕ ಅವರ ತೊಡೆ ಮೇಲೆ. ಡಾಕ್ಟರಮ್ಮನ ವೀರ ಒಬ್ಬ ಸನ್ಯಾಸಿ. ಎರಡು ವರ್ಷದಿಂದ ಸಾಕಿದ್ದರು, ಸತ್ತರೆ ಮತ್ತೆ ಮೊದಲಿಂದ. ಬರಿಗೈ ಕಾದಾಟ ಬಂತೋ, ಪುಸ್ತಕ ಪುಟಕ್ಕೊಂದು ಮಾತಾಡುತ್ತಿತ್ತು. ಆಗ ತೀರ್ಪು ನನ್ನದು.

ಬಾಗಿಲಲ್ಲಿ

ಒಂದು ಭಾನುವಾರದ ಆಟದಲ್ಲಿ, ಆಯುಧ ಬಿಟ್ಟು ಒಳಗೆ ಹೋಗು ಅಂದ ಕೋಟೆಯ ಕಾವಲುಗಾರ. ಸನ್ಯಾಸಿಯದು ಬರಿಗೈ. ಆದರೆ ಸನ್ಯಾಸಿಯ ಮುಷ್ಟಿಯೂ ಆಯುಧವೇ ಅಂತ ಪುಸ್ತಕ. ಮೇಷ್ಟ್ರು ಬಿಡಲೊಲ್ಲರು. ನಾನು ಹೇಳಿದೆ, ಇಲ್ಲಿನ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಸಾಮಾನು ಇಡುವ ಥರ ಕೈಗಳನ್ನು ಕ್ಲೋಕ್‌ರೂಮಿನಲ್ಲಿಟ್ಟು ಟೋಕನ್ ತಗೊಳ್ಳಲಿ.

"ಟೋಕನ್ ಯಾವ ಕೈಲಿ ಹಿಡ್ಕೊಳ್ಳೋದು ತಾತ?" ಅಂದರು ಡಾಕ್ಟರಮ್ಮ.

ಕೈ ಹಿಡಿದದ್ದು

ಕಾವಲುಗಾರ ಅದನ್ನೇ ಯೋಚಿಸುತ್ತಾ ಕೂತ, ಸನ್ಯಾಸಿ ಒಳಗೆ ನುಗ್ಗಿದ. ಎದುರಿಗೆ ರಾಕ್ಷಸಿ. ಡಾಕ್ಟರಮ್ಮ ದಾಳ ಉರುಳಿಸಿ, "ಅವಳ ಕೈ ಹಿಡಿದೆ" ಅಂದರು. ಹಿಡಿದದ್ದು ಹೊಡೆತವೋ ಅಲ್ಲವೋ ಎಂದು ಮೇಷ್ಟ್ರು ನಾಲ್ಕು ಪುಟ ಓದಿದರು. ನನಗೆ ಅಷ್ಟು ಓದು ಬೇಕೇ? ಕೈ ಹಿಡಿದ ಮೇಲೆ ಮದುವೆ ಆದ ಹಾಗೆ, ಅಂದೆ. ಮೇಷ್ಟ್ರು ಖುಷಿಯಿಂದ ಕಾಗದದಲ್ಲಿ 'ಸನ್ಯಾಸಿ' ಹೊಡೆದು 'ಸಂಸಾರಿ' ಬರೆದರು. ಸಂಸಾರಿಯ ಮುಷ್ಟಿ ಆಯುಧವಲ್ಲವಂತೆ.

ಅವತ್ತಿನ ನನ್ನ ಸಾರಿಗೆ ಉಪ್ಪೇ ಇರಲಿಲ್ಲ ಎಂದು ಡಾಕ್ಟರಮ್ಮನಿಗೆ ಆಗ ನೆನಪಾಯಿತು.

ಒಂದೇ ಕೈ

ಮದುಮಗಳು ಗಂಡನ ಬಲಗೈ ಬಿಡದೆ ಇನ್ನೊಂದು ಕೈಯಲ್ಲಿ ಕತ್ತಿ ಎತ್ತಿದಳು. ಉಳಿದ ಒಂದೇ ಕೈಯಲ್ಲಿ ಕೆಡವಿದರೆ ಅವನು ಬದುಕಿದ, ಇಲ್ಲವೋ ಹೋದ. ಪುಸ್ತಕ ಬಾಯಿ ಬಿಡಲಿಲ್ಲ. ಒಂದು ಕೈಯಲ್ಲಿ ಯಾರಿಂದಲೂ ಆಗದು ಅಂದರು ಮೇಷ್ಟ್ರು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಅಖಾಡದ ಮಾತು ತೆಗೆದೆ. ಹಾಗಾದರೆ ತೋರಿಸಿ ಅಂದರು ಮೇಷ್ಟ್ರು. ಪಂಚೆ ಬಿಗಿದು ತೋರಿಸಿದೆ. ಮೇಷ್ಟ್ರು ಜಮಖಾನದ ಮೇಲೆ ಚಿತ್. ಡಾಕ್ಟರಮ್ಮ ಆಗಲೇ ರಾಕ್ಷಸಿಯ ಹೆಸರು ಹೊಡೆದುಹಾಕಿದ್ದರು.

ಕೆಳಗಿನಿಂದ ಮೇಷ್ಟ್ರು ಮೆಲ್ಲಗೆ ಕೇಳಿದರು: "ಅಜ್ಜಾರ, ನಿಮ್ಮ ಒಂದ್ ಕೈ ನನ್ನ ಸೊಂಟದಾಗ ಐತಿ. ಕುತ್ತಿಗಿ ಮ್ಯಾಲಿರೋ ಕೈ ಯಾರ್ದ್ರೀ?"

ನಾನು ಹೆಗಲು ಕುಣಿಸಿದೆ. "ಕ್ಲೋಕ್‌ರೂಮಿನವರು ಒಂದು ಹೆಚ್ಚಿಗೆ ಕೊಟ್ಟಿರಬೇಕು."