ಹಂಡೆ ಇಲ್ಲದ ನೀರು ತುಂಬುವ ಹಬ್ಬ

ಮನೆಗೆ ಹೊಸ ವಸ್ತು ತಂದ ಗಂಡಸು ಅದನ್ನು ಆಫೀಸಿನಲ್ಲಿ ಹೊಗಳಿಕೊಳ್ಳಬಾರದು. ಆಮೇಲೆ ವಸ್ತು ಮೂಲೆ ಸೇರಿದರೂ ಹೊಗಳಿದ ಮಾತು ಊರೆಲ್ಲ ಓಡಾಡುತ್ತಲೇ ಇರುತ್ತದೆ. ಈ ಜ್ಞಾನೋದಯ ನನಗಾದದ್ದು ಬಚ್ಚಲುಮನೆಗೆ ಹೋಗುವ ದಾರಿಯಲ್ಲಿ.

ಆಗ ನಾನು ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿಯ ಗುಮಾಸ್ತ. ಕೆಲಸ ಬಿಟ್ಟು ಸೀಮೆಗೆ ಹೊರಟುನಿಂತ ಬಿಳಿ ದೊರೆಯೊಬ್ಬರ ಬಂಗಲೆಯ ಹರಾಜಿನಲ್ಲಿ ಕರೆಂಟಿನ ಹೀಟರೊಂದನ್ನು ಹಿಡಿದು ತಂದೆ. ಗೋಡೆಗೆ ನೇತುಹಾಕುವ, ಬಿಸ್ಕತ್ತಿನ ಡಬ್ಬದಷ್ಟು ಪುಟ್ಟ ಯಂತ್ರ. ನಲ್ಲಿ ತಿರುಗಿಸಿ ಗುಂಡಿ ಒತ್ತಿದರೆ ನೀರು ಬಿಸಿಯಾಗಿಯೇ ಬರುತ್ತದೆ. ಹಂಡೆ ಬೇಡ, ಸೌದೆ ಬೇಡ, ಒಲೆ ಊದಿ ಕಣ್ಣು ಕೆಂಪಾಗಿಸಿಕೊಳ್ಳುವುದೂ ಬೇಡ. ಬೂದಿಕೋಟೆಯಿಂದ ಬಂದು ನಮ್ಮೊಡನಿದ್ದ ಅಮ್ಮ ಮಾತ್ರ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಇದ್ರಾಗೆ ನೀರು ಎಲ್ಲಿ ನಿಲ್ತದೆ?"

"ನಿಲ್ಲೋದೇ ಇಲ್ಲಮ್ಮ. ಓಡ್ತಾ ಓಡ್ತಾನೇ ಬಿಸಿ ಆಗ್ತದೆ."

"ಓಡೋ ನೀರಿಗೆ ಬಿಸಿ ಆಗಾಕೆ ಪುರುಸೊತ್ತೆಲ್ಲಿ ಬತ್ತದ್ಲಾ?"

ಹುಮ್ಮಸ್ಸಿನಲ್ಲಿ ನಾನು ತಾಮ್ರದ ಹಂಡೆಯನ್ನು ಒಲೆಯಿಂದ ಕಿತ್ತು ರಾಬರ್ಟ್‌ಸನ್‌ಪೇಟೆಯ ಪಾತ್ರೆ ಅಂಗಡಿ ಶೆಟ್ಟರಿಗೆ ಕೊಟ್ಟು, ಬದಲಿಗೆ ಹಿತ್ತಾಳೆ ಕೊಡಗಳನ್ನು ತಂದೆ. ಆ ಹಂಡೆ ಅಮ್ಮನ ಜೊತೆ ಅವಳ ತವರಿನಿಂದ ಗಾಡಿಯಲ್ಲಿ ಬಂದದ್ದು. ನಾವೆಲ್ಲ ಅದರ ನೀರಲ್ಲೇ ಮಿಂದು ಬೆಳೆದವರು. ಅಮ್ಮ ಹೊಸ ಕೊಡಗಳನ್ನು ಮುಟ್ಟಿಯೂ ನೋಡಲಿಲ್ಲ. ಆಗಲೇ ನಾನು ಹೆದರಬೇಕಿತ್ತು.

ನೀರು ತುಂಬುವ ಹಬ್ಬ ಬಂತು. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿ ಪೂಜಿಸಿದರೆ ತಾನೆ ಮರುದಿನ ಬೆಳಿಗ್ಗೆ ಎಣ್ಣೆಸ್ನಾನ, ದೀಪಾವಳಿ. ಅಮ್ಮ ಸುಣ್ಣದ ಬಟ್ಟಲು ಹಿಡಿದು ಬಚ್ಚಲಲ್ಲಿ ಹೀಟರಿನ ಎದುರು ನಿಂತಿದ್ದಳು.

"ನೀರು ಯಾತ್ರಾಗೆ ತುಂಬ್ಲಿ? ಇದ್ರ ಒಟ್ಟೆನಾಗಾ?"

ಹೆಂಡತಿ ಸುಶೀಲ ಸಮಾಧಾನಕ್ಕೆಂದು ಬಳ್ಳಿಯನ್ನು ಹೀಟರಿಗೇ ಸುತ್ತಿದಳು. ಅದನ್ನು ನೋಡಿ ಅಮ್ಮನಿಗೆ ಅಳುವೇ ಬಂತು. ಹಂಡೆ ವಾಪಸು ತರಲು ನಾನು ಸೈಕಲ್ ಹತ್ತಿದೆ.

ಶೆಟ್ಟರ ಅಂಗಡಿಯ ಹಿಂದೆಯೇ ಅವರ ಮನೆ. ಬಚ್ಚಲ ಒಲೆಯ ಮೇಲೆ ನಮ್ಮ ಹಂಡೆ ಪಟ್ಟೆ ಬಳಿಸಿಕೊಂಡು, ಬಳ್ಳಿ ಸುತ್ತಿಕೊಂಡು, ತುಂಬಿ ಕೂತಿತ್ತು.

"ಒಳ್ಳೆ ಗಟ್ಟಿ ಅಂಡೆ ಸ್ವಾಮಿ, ಮಾರಕ್ಕೆ ಮನಸ್ಸು ಬರ್ಲಿಲ್ಲ," ಎಂದರು ಶೆಟ್ಟರು. "ಈಗ ಪೂಜೆನೂ ಆಗೋಯ್ತು, ಎಬ್ಬಿಸಂಗಿಲ್ಲ. ಬೆಳಿಗ್ಗೆ ಮನೆಮಂದಿಯೆಲ್ಲ ಇಲ್ಲೇ ನೀರಾಕ್ಕೊಳಕ್ಕೆ ಬನ್ನಿ. ಆಮೇಲೆ ತಗೊಂಡೋಗಿ."

ಬೆಳಿಗ್ಗೆ ತಲೆಗೆ ಎಣ್ಣೆ ಮೆತ್ತಿಕೊಂಡು, ಹೆಗಲಿಗೆ ಟವೆಲು ಹಾಕಿಕೊಂಡು ಮೂವರೂ ಬೀದಿಯಲ್ಲಿ ಹೊರಟೆವು. ಎದುರಿಗೆ ಸಿಕ್ಕಿದ್ದು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು.

"ಏನ್ ಸಾರ್, ಗುಂಡಿ ಒತ್ತಿದ್ರೆ ಬಿಸಿನೀರು ಅಂತಿದ್ರಿ. ಗುಂಡಿ ರಾಬರ್ಟ್‌ಸನ್‌ಪೇಟೆಯಲ್ಲಿದೆಯಾ?"

ನನಗೆ ನಾಚಿಕೆ, ಅಮ್ಮನಿಗೆ ಮಾತ್ರ ಹಬ್ಬ. ಶೆಟ್ಟರ ಮಕ್ಕಳಿಗೂ ಅವಳೇ ತಲೆ ಉಜ್ಜಿ ನೀರು ಹಾಕಿದಳು. ನನ್ನ ಸರದಿ ಬಂದಾಗ "ಕಣ್ಣು ಮುಚ್ಕಳ್ಲಾ" ಎಂದು ತಲೆಗೊಂದು ಮೊಟಕಿ, ಚೆಂಬಿನ ಮೇಲೆ ಚೆಂಬು ಸುರಿದಳು. ಅಂಥ ಸುಖದ ಸ್ನಾನ ಯಾವ ದೊರೆಯೂ ಮಾಡಿರಲಾರ.

ಕೊಡಗಳು ಶೆಟ್ಟರಿಗೆ ಹೋದವು, ಹಂಡೆ ತಳ್ಳುಗಾಡಿಯಲ್ಲಿ ಮನೆಗೆ ಬಂತು. ದಾರಿಯುದ್ದಕ್ಕೂ ಅಮ್ಮ ಅದರ ಕಂಠ ಹಿಡಿದೇ ನಡೆದಳು. ಹೀಟರೂ ಗೋಡೆಯ ಮೇಲೆ ಉಳಿಯಿತು. ಅದರ ಬಿಸಿನೀರನ್ನೇ ಹಂಡೆಗೆ ಹಿಡಿದರೆ ನಾಲ್ಕು ಸೌದೆ ಪುಳ್ಳೆಯಲ್ಲಿ ಕೆಲಸ ಮುಗಿಯುತ್ತದೆಂದು ಅಮ್ಮ ಕಂಡುಹಿಡಿದಳು. ಭಲೇ ಉಪಾಯ. ಮರುದಿನವೇ ಆಫೀಸಿನಲ್ಲಿ ಅದನ್ನು ನನ್ನದೆಂದು ಹೇಳಿಕೊಂಡೆ.