ಸುಂಕೇಶನ ಬೋಳು ಕಾರು

“ನಾಕು ಗಂಟಿಗೆ ಬರ್ತೀನಿ. ಬಾಗಿಲ ಮುಂದ ಆ ಕಾರು ಇತ್ತಂದ್ರ ನಾನು ಮನ್ಯಾಗ ಇರಂಗಿಲ್ಲ.”

ಕೌತಾಳಂನ ತವರಿನಿಂದ ಹೇಮಾವತಿ ಇಷ್ಟು ಹೇಳಿ ಫೋನಿಟ್ಟಾಗ ಸುಂಕೇಶನ ಕೈಯಿಂದ ಪಾಲಿಶ್ ಬಟ್ಟೆ ಜಾರಿತು. ಆದೋನಿಯ ಹತ್ತಿ ಗಿರಣಿಯ ಈ ಗುಮಾಸ್ತ ಎರಡು ವರ್ಷದಿಂದ ಹೆಂಡತಿಗಿಂತ ಹೆಚ್ಚು ಆ ಹಳೆಯ ಇಂಗ್ಲಿಷ್ ಕಾರಿನ ಮುಖವನ್ನೇ ನೋಡಿದ್ದ. ಗುಜರಿಯಿಂದ ತಂದು, ತಿಕ್ಕಿ, ತೀಡಿ, ಕೆಂಪು ಬಣ್ಣ ಹೊಡೆಸಿ ಮದುಮಗನಂತೆ ನಿಲ್ಲಿಸಿದ್ದ. ಕಾರಿಗೆ ಟಾಪ್ ಇರಲಿಲ್ಲ. ಮಡಚುವ ಕ್ಯಾನ್ವಾಸ್ ಹೊದಿಕೆ ಅಷ್ಟೇ. ಅದು ಬಾಗಿಲಿಗೇ ಅಡ್ಡ ನಿಂತದ್ದರಿಂದ ಹೇಮಾವತಿ ಎರಡು ವರ್ಷದಿಂದ ಮನೆಯೊಳಕ್ಕೆ ಅಡ್ಡಡ್ಡವಾಗಿಯೇ ನುಸುಳುತ್ತಿದ್ದಳು.

ಪುಣ್ಯಕ್ಕೆ ಅವತ್ತೇ ಮಧ್ಯಾಹ್ನ ಬಳ್ಳಾರಿಯಿಂದ ಉದಯಕುಮಾರ್ ಎಂಬ ಗಿರಾಕಿ ಕಾರು ಕೊಳ್ಳಲು ಬಂದ. ಬಂದವನೇ ಜೇಬಿನಿಂದ ಅಯಸ್ಕಾಂತ ತೆಗೆದು ಕಾರಿನ ಮೈಗೆಲ್ಲ ಹಿಡಿದು ನೋಡಿದ. ಅಂಟಿದರೆ ತಗಡು, ಜಾರಿದರೆ ತೂತು ಮುಚ್ಚಲು ಮೆತ್ತಿದ ಪುಟ್ಟಿ. ಬಾಗಿಲಿಗೆ ಅಂಟಿತು, ಬಾನೆಟ್ಟಿಗೆ ಅಂಟಿತು, ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಮಾತ್ರ ಸರ್ರನೆ ಜಾರಿತು.

“ಇದು ಕಂಪನಿಯಿಂದ್ಲೇ ಟಾಪ್ ಇಲ್ದಂಗ ಬಂದೈತೋ, ಇಲ್ಲಿ ಯಾರರ ಕೊಯ್ದಾರೋ?”

“ಹುಟ್ಟಾ ಬೋಳು ಸಾರ್, ಒರಿಜಿನಲ್,” ಎಂದ ಸುಂಕೇಶ. ಗುಜರಿಯವನು ಹಾಗೇ ಹೇಳಿದ್ದ, ಇವನೂ ನಂಬಿದ್ದ. “ನಮ್ಮ ಓಣ್ಯಾಗ ಅರ್ಧ ಮಂದಿ ಇದರಾಗೇ ಮದುವಿ ಮೆರವಣಿಗಿ ಹೋಗ್ಯಾರ. ಬೇಕಾದ್ರ ಕೇಳ್ರಿ.”

ಸಾಕ್ಷಿ ಕೇಳಿದರೆ ನಮ್ಮ ಜನ ಚರಿತ್ರೆಯನ್ನೇ ಹೇಳುತ್ತಾರೆ. ಅವನು ಬಾಯಿ ಮುಚ್ಚುವ ಮೊದಲೇ ಓಣಿಯವರು ಮದುವೆ ಆಲ್ಬಮ್ ಹಿಡಿದು ಹೊರಬಂದರು. ದರ್ಜಿ ಲಾಲಪ್ಪ ಮೂವತ್ತೆಂಟು ವರ್ಷದ ಹಿಂದಿನ ಫೋಟೋ ಚಾಚಿದ. ಅದರಲ್ಲಿ ಅವನು ಇದೇ ಕಾರಿನಲ್ಲಿ ಎದ್ದು ನಿಂತು ಕೈ ಬೀಸುತ್ತಿದ್ದ.

“ಟಾಪ್ ಇದ್ದಿದ್ರ ನಾ ಹೆಂಗ ನಿಲ್ತಿದ್ದೆ, ನೀವೇ ಹೇಳ್ರಿ.”

ಉದಯಕುಮಾರ್ ನಕ್ಕ. “ಸರಿ, ಹಂಗಾದ್ರ ಇವತ್ತೇ ಒಯ್ತೀನಿ.”

ಸುಂಕೇಶ ಗಡಿಯಾರ ನೋಡಿದ. ಮೂರು ಗಂಟೆ. ಹೆಂಡತಿಯೂ ಉಳಿದಳು, ಮಾನವೂ ಉಳಿಯಿತು ಎಂದುಕೊಂಡ. ಅಷ್ಟರಲ್ಲಿ ಪಕ್ಕದ ಮನೆಯ ಎಂಬತ್ತರ ಗಾದಿಲಿಂಗಮ್ಮ ಕಟ್ಟುಹಾಕಿಸಿದ ಕಪ್ಪು ಬಿಳುಪು ಫೋಟೋ ಎತ್ತಿಕೊಂಡು ಬಂದಳು.

“ಲಾಲಪ್ಪಂದು ನಿನ್ನೆ ಮೊನ್ನೇದು. ಇದರಾಗ ಮೊದಲು ಕುಂತಾಕಿ ನಾನು. ನಮ್ಮ ಮಾವನ ಕಾರಪ್ಪಾ ಇದು.”

ಫೋಟೋದಲ್ಲಿ ಕಾರಿಗೆ ಟಾಪ್ ಇತ್ತು.

“ನಮ್ಮನಿಯವ್ರು ಆರಡಿ. ಬಾಸಿಂಗ ಕಟ್ಟಿ ಕುಂತ್ರ ಟಾಪಿಗೆ ತಲಿ ಬಡೀತಿತ್ತು. ಮಾವ ಅಲ್ಲೇ ಕಮ್ಮಾರನ್ನ ಕರಸಿ ಕೊಯ್ಸಿಬಿಟ್ಟ. ಮದುಮಗನ ಮುಖ ಮಂದಿಗೆ ಕಾಣಬ್ಯಾಡೇನು?”

“ಸಾರ್, ಅಜ್ಜಿಗೆ ಮರೆವು ಜಾಸ್ತಿ,” ಎಂದ ಸುಂಕೇಶ.

“ಯಾರಿಗಲೇ ಮರೆವು? ಟಾಪ್ ಹಿತ್ತಲಾಗೇ ಐತಿ, ಬರ್ರಿ.”

ಹಿತ್ತಲಲ್ಲಿ ಅದು ಕೋಳಿಗೂಡಿನ ಮೇಲೆ ಕೂತಿತ್ತು. ಆದೋನಿಯ ಬಿಸಿಲಿನಲ್ಲಿ ತಗಡಿಗೆ ತುಕ್ಕು ಹಿಡಿಯಲು ನೀರಾದರೂ ಎಲ್ಲಿಂದ ಬರಬೇಕು? ಉದಯಕುಮಾರ್ ಅಯಸ್ಕಾಂತ ಇಟ್ಟ. ಟಪ್ಪನೆ ಅಂಟಿತು. ಹಿಕ್ಕೆ ಒರೆಸಿದರೆ ಕೆಳಗೆ ಕಂಪನಿಯ ನೀಲಿ ಬಣ್ಣ ಹಾಗೇ ಇತ್ತು. ಅವನ ಕಣ್ಣು ತೇವವಾಯಿತು.

“ಇಂಥದೇ ಕಾರು ನಮ್ಮನ್ಯಾಗ ಐತಮ್ಮ. ಅದರ ಟಾಪನ್ನ ಪೂರಾ ತುಕ್ಕು ತಿಂದೈತಿ. ಹತ್ತು ವರ್ಷದಿಂದ ಹುಡುಕಾಕ ಹತ್ತೀನಿ. ಒರಿಜಿನಲ್ ಅಂದ್ರ ಇದು.”

“ಮತ್ತ ನನ್ನ ಕಾರು?” ಸುಂಕೇಶ ಅವನಿಗೆ ಅಡ್ಡ ನಿಂತ.

“ಕೊಯ್ದ ಕಾರು ನನಗ ಬ್ಯಾಡ್ರಿ.”

ಅಜ್ಜಿ ಕೇಳಿದಷ್ಟು ಕೊಟ್ಟು, ಟಾಪನ್ನು ತಾನು ತಂದಿದ್ದ ಟೆಂಪೋಗೆ ಏರಿಸಿ, ಅವಳ ಕಾಲಿಗೂ ಬಿದ್ದು ಉದಯಕುಮಾರ್ ಹೊರಟೇಹೋದ. ಸುಂಕೇಶ ಇನ್ನೂ ಟೆಂಪೋದ ಧೂಳು ನೋಡುತ್ತಿದ್ದಾಗಲೇ ಗಾದಿಲಿಂಗಮ್ಮ ಸೆರಗಿನಲ್ಲಿ ಎರಡು ಹುಂಜ ತಂದು ಕಾರಿನೊಳಗೆ ಬಿಟ್ಟಳು. ಹಿಂದೆಯೇ ಲಾಲಪ್ಪ ಉಳಿದ ಒಂಬತ್ತು ಕೋಳಿಯನ್ನು ಮೊಟ್ಟೆ ಸಮೇತ ತಂದು ಬಿಟ್ಟು, ಕ್ಯಾನ್ವಾಸ್ ಎಳೆದು ಮುಚ್ಚಿದ.

“ಸಾಕ್ಷಿ ಕೇಳಿ ನನ್ನ ಗೂಡು ಕೆಡಿಸಿದಾಂವ ನೀನೇ,” ಎಂದಳು ಅಜ್ಜಿ. “ಹೊಸಾದು ಕಟ್ಟೋತನಕ ಇಲ್ಲೇ ಇರಲಿ. ಕಾರು ಕದಲಿಸಬ್ಯಾಡ, ಕಾವಿಗೆ ಕುಂತಾವ.”

ನಾಲ್ಕಕ್ಕೆ ಸರಿಯಾಗಿ ಆಟೋ ಬಂದು ನಿಂತಿತು. ಹೇಮಾವತಿ ಕಾರನ್ನು ನೋಡಿದಳು. ಸ್ಟೇರಿಂಗ್ ಮೇಲಿದ್ದ ಹುಂಜ ಮುಂದಿನ ಗಾಜಿನಿಂದ ಅವಳನ್ನು ನೋಡಿತು. ಸುಂಕೇಶ ಬಾಯಿ ತೆರೆಯುವ ಮೊದಲೇ ಅವಳು ಆಟೋದವನ ಕಡೆ ತಿರುಗಿದಳು.

“ಚೀಲ ಇಳಿಸಬ್ಯಾಡಪ್ಪ.”