ಸೀಟ್ ಬೆಲ್ಟಿಗೆ ಗಂಜಿ

ಗಂಭೀರವಾಗಿ ಕೈಗೊಂಡ ಕೆಲಸಗಳೇ ನಮ್ಮ ಮನೆಯಲ್ಲಿ ಪದೇ ಪದೇ ನಗೆಗೀಡಾಗುತ್ತವೆ. ನಗಿಸಬೇಕೆಂದು ಯಾರೂ ಹೊರಡುವುದಿಲ್ಲ, ನಾನಂತೂ ಹೊರಡುವವಳಲ್ಲ. ಕಾರಿನ ಸೀಟ್ ಬೆಲ್ಟ್ ಶುಚಿಗೊಳಿಸುವ ಸಣ್ಣ ಕೆಲಸ ಮೂರು ವಾರ ಹಿಡಿದದ್ದನ್ನು ನಡೆದಂತೆ ಬರೆಯುತ್ತೇನೆ.

ಕಪ್ಪು ಪಟ್ಟಿ

ನನ್ನ ತಂಗಿ ಇರುವುದು ಕುಷ್ಟಗಿಯಲ್ಲಿ. ನರ್ಸ್ ಆಗಿ ಮೂವತ್ತು ವರ್ಷ ದುಡಿದವಳು. ನಿವೃತ್ತಳಾದ ಮೇಲೂ ಗಂಜಿ ಹಾಕಿದ ಬಿಳಿ ಸೀರೆಯನ್ನು ಬಿಟ್ಟಿಲ್ಲ. ಈಚೆಗೆ ಎರಡೂ ಕಣ್ಣುಗಳಿಗೆ ಪೊರೆ ಬಂದು, ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುವಂತಾಗಿದ್ದಳು. ನಾನು ಕೊಪ್ಪಳದಿಂದ ಕಾರು ತೆಗೆದುಕೊಂಡು ಹೋಗಿ, ಅವಳನ್ನು ಗಂಗಾವತಿಯ ಕಣ್ಣಿನ ವೈದ್ಯರಿಗೆ ತೋರಿಸಿದೆ. ಮೂರು ವಾರದ ನಂತರ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡುವೆನೆಂದೂ, ಆ ದಿನ ತಪ್ಪಿಸಕೂಡದೆಂದೂ ವೈದ್ಯರು ಹೇಳಿದರು.

ಮರಳುವಾಗ ಯಲಬುರ್ಗಾದಲ್ಲಿ ಬಂಧುಗಳ ಮನೆಯ ನಿಶ್ಚಿತಾರ್ಥಕ್ಕೆ ಇಳಿದೆವು. ನನ್ನ ಮನೆಯ ಓಣಿ ಇಕ್ಕಟ್ಟಾದುದರಿಂದ ಕಾರು ಗಿಣಿಗೇರಾದಲ್ಲಿ, ನನ್ನ ಡ್ರೈವರನ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ಅಲ್ಲಿಯ ಕಾರ್ಖಾನೆಗಳ ಕರಿ ಧೂಳು ಬೆಲ್ಟಿನ ಮೇಲೆ ಕುಳಿತಿದ್ದುದು ನನಗೆ ತಿಳಿದಿರಲಿಲ್ಲ. ತಂಗಿಯ ಬಿಳಿ ಸೀರೆಯ ಮೇಲೆ ಹೆಗಲಿನಿಂದ ಸೊಂಟದವರೆಗೆ ಅಗಲವಾದ ಕಪ್ಪು ಪಟ್ಟಿ ಮೂಡಿತ್ತು.

ಬಾಗಿಲಲ್ಲೇ ಒಬ್ಬ ಮುದುಕಿ ಕೇಳಿದಳು: "ಏನ್ ನರ್ಸಮ್ಮಾ, ಪಟ್ಟಿ ಹಾಕ್ಕೊಂಡ ಬಂದೀಯಲ್ಲ! ಯಾವ ಊರಾಗ ಸನ್ಮಾನ ಮಾಡಿದ್ರು?"

ತಂಗಿಗೆ ಪಟ್ಟಿ ಕಾಣದು. ತನ್ನ ಮೂವತ್ತು ವರ್ಷದ ಸೇವೆಯನ್ನು ಯಾರೋ ನೆನೆದರೆಂದು ತಿಳಿದು, ಕೈಮುಗಿದು, "ನಾ ಏನ್ ಮಾಡೇನಿ ಬಿಡ್ರಿ, ಎಲ್ಲಾ ನಿಮ್ಮ ಆಶೀರ್ವಾದ" ಎಂದಳು.

ಊಟ ಮುಗಿಯುವವರೆಗೂ ಆ ಸನ್ಮಾನ ಅವಳ ಮೈಮೇಲಿತ್ತು.

ಆಸಿಡ್

ಕಾರಿನಲ್ಲಿ ನಿಜ ಹೇಳಿದೆ. ಅವಳು ಅಲ್ಲೇ ಬೆಲ್ಟ್ ಬಿಚ್ಚಿದಳು. "ಇನ್ನೊಮ್ಮೆ ಈ ಹೊಲಸ ಪಟ್ಟಿ ಮೈಮ್ಯಾಲ ಹಾಕಂಗಿಲ್ಲ. ಕಣ್ಣು ಹೋದ್ರ ಹೋಗ್ಲಿ."

"ಬೆಲ್ಟ್ ಇಲ್ಲದೆ ನನ್ನ ಕಾರು ಒಂದು ಗಾಲಿಯೂ ಉರುಳದು" ಎಂದೆ. ಮಂಡಿನೋವಿನ ಅವಳು ಬಸ್ಸಿನ ಮೆಟ್ಟಿಲು ಹತ್ತಲಾರಳು. ಹೀಗೆ ಒಂದು ಕಣ್ಣು ಇಬ್ಬರು ಹಟಮಾರಿಗಳ ನಡುವೆ ಸಿಕ್ಕಿಕೊಂಡಿತು. ಅಂದು ಮಾತ್ರ, ಡ್ರೈವರನ ಟವೆಲನ್ನು ನಡುವೆ ಇಟ್ಟು ಬೆಲ್ಟ್ ಹಾಕಿಸಿದೆ.

ಮರುದಿನ ಬೆಳಿಗ್ಗೆ ಡ್ರೈವರ್ ಒಂದು ನೀಲಿ ಬಾಟಲಿ ಹಿಡಿದು ಬಂದ. ಹನ್ನೊಂದು ವರ್ಷದಿಂದ ನನ್ನ ಕಾರು ನಡೆಸುವ, ನಾಲ್ಕು ಮಕ್ಕಳ ತಂದೆ. ಶಿಕ್ಷಕಿಯಾಗಿದ್ದ ನಾನು, ನಮ್ಮ ಕಡೆಯ ರೂಢಿಯಂತೆ, ಅವನಿಗೆ ಇಂದಿಗೂ ಅಕ್ಕಾರು.

"ಬಾತ್‌ರೂಮಿನ ಆಸಿಡ್ ಐತ್ರಿ ಅಕ್ಕಾರ. ಹಿಂಗ ಹಚ್ಚಿದ್ರ ಹಿಂಗ ಕಲೆ ಹೋಗ್ತೈತಿ."

"ಕಲೆಯ ಜೊತೆ ದಾರದ ಬಲವೂ ಹೋಗುತ್ತದೆ. ಅಪಘಾತದ ದಿನ ಅವಳನ್ನು ಯಾರು ಹಿಡಿಯುತ್ತಾರೆ?"

ಅವನು ಬಹಳ ಹೊತ್ತು ಯೋಚಿಸಿ ಹೇಳಿದ: "ನಾ ಹಿಡಿಯಾಕ ಹೋದ್ರ ನರ್ಸಮ್ಮಾರು ಬಿಡಂಗಿಲ್ರಿ. ಮೊದಲ ಕೈ ತೊಳಕೊಂಡ ಬಾ ಅಂತಾರ."

ಆಸಿಡ್ ಬೇಡವಾಯಿತು.

ಮೂರು ತಾಸಿನ ಸೆರೆ

ಸರಿಯಾದ ವಿಧಾನವನ್ನು ನಾನೇ ಹೇಳಿದೆ. ಬೆಲ್ಟನ್ನು ಪೂರ್ತಿ ಹೊರಗೆಳೆಯಬೇಕು. ಉಗುರು ಬೆಚ್ಚನೆಯ ನೀರಿಗೆ ಸೌಮ್ಯವಾದ ಸೋಪು ಸ್ವಲ್ಪವೇ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಉದ್ದಕ್ಕೆ ಉಜ್ಜಬೇಕು. ಸೋಪು ಹೋಗುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೊಂಡಿಯೊಳಗೆ ನೀರು ಹೋಗಬಾರದು. ಪೂರ್ತಿ ಒಣಗುವ ತನಕ ಬೆಲ್ಟ್ ಒಳಗೆ ಸರಿಯಕೂಡದು. ಹಸಿಯಾಗಿ ಒಳಹೋದರೆ ಬೂಷ್ಟು ಹಿಡಿಯುತ್ತದೆ.

ಒಂದು ಮಾತು ಬಿಟ್ಟಿದ್ದೆ. ಬೆಲ್ಟ್ ಒಳಸರಿಯದಂತೆ ಮೇಲ್ಗಡೆ ಒಂದು ಕ್ಲಿಪ್ ಹಾಕಿದರೆ ಸಾಕೆಂದು ಹೇಳಿರಲಿಲ್ಲ.

ಮಧ್ಯಾಹ್ನ ಗಿಣಿಗೇರಾದಿಂದ ಅವನ ಹೆಂಡತಿಯ ಫೋನು. "ಅಕ್ಕಾರ, ಇವರೇನ್ ತಪ್ಪು ಮಾಡ್ಯಾರ್ರಿ? ಮುಂಜಾನಿಂದ ಕಾರಿನ ಪಟ್ಟಿ ಹಿಡ್ಕೊಂಡ ನೆಳ್ಳಾಗ ನಿಂತಾರ. ಊಟಕ್ಕ ಬರ್ರಿ ಅಂದ್ರ, 'ಬಿಟ್ಟರ ಒಳಗ ಹೊಕ್ಕೈತಿ, ಅಕ್ಕಾರ ಹುಕುಂ ಇಲ್ಲ' ಅಂತಾರ. ಓಣಿ ಮಂದಿ ಎಲ್ಲಾ ನಿಂತು ನೋಡಾಕತ್ಯಾರ."

"ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಹಾಕಿ ಊಟಕ್ಕೆ ಕರೆ" ಎಂದೆ.

ಆಕೆ ದನಿ ತಗ್ಗಿಸಿದಳು. "ಇನ್ನೊಂದ್ ತಾಸು ನಿಂದ್ರಲಿ ಬಿಡ್ರಿ ಅಕ್ಕಾರ. ಮದುವಿ ಆದಾಗಿಂದ ಇಷ್ಟೊತ್ತು ಮನಿ ಮುಂದ ನಿಂತವರಲ್ಲ."

ಕಡಕ್ ಅರಿವೆ

ಎರಡು ವಾರದ ಮೇಲೆ, ಶುಚಿಯಾದ ಬೆಲ್ಟನ್ನು ತಂಗಿಗೆ ತೋರಿಸಲು ಕುಷ್ಟಗಿಗೆ ಹೋದೆವು. ಕಣ್ಣು ಮಂಜಾದವಳು ಬೆರಳಿನಿಂದ ಪರೀಕ್ಷಿಸಿದಳು.

"ಮೆತ್ತಗೈತಿ. ಸ್ವಚ್ಛ ಅರಿವಿ ಹಿಂಗಿರಂಗಿಲ್ಲ" ಎಂದು ಒಳಗೆ ನಡೆದಳು.

ನಾನು ಅವಳೊಡನೆ ವಾದಕ್ಕಿಳಿದೆ. ಹೊರಗೆ ಡ್ರೈವರ್, ನನ್ನನ್ನು ಕೇಳದೆ, ಅವಳ ಸೀರೆಗಳನ್ನು ಮಡಿಮಾಡುವ ಅಗಸನನ್ನು ಕರೆತಂದಿದ್ದ. ಅರ್ಧ ತಾಸಿನ ಮೇಲೆ ಬಂದು ನೋಡಿದರೆ ಬೆಲ್ಟ್ ಗಂಜಿ ಕುಡಿದು, ಕೆಂಡದ ಇಸ್ತ್ರಿಯ ಕೆಳಗೆ ಮಲಗಿ ಎದ್ದು, ಕಾರಿನ ಬಾಗಿಲಿನಿಂದ ಹಲಗೆಯಂತೆ ರಸ್ತೆಗೆ ಚಾಚಿತ್ತು.

"ಇಂಥಾ ಕಡಕ್ ಅರಿವಿ ನನ್ನ ಜಲ್ಮದಾಗ ಮಾಡಿಲ್ರಿ" ಎಂದ ಅಗಸ.

ತಂಗಿ ಬೆರಳಾಡಿಸಿ ತಲೆದೂಗಿದಳು. "ಈಗ ನೋಡು! ಈಗ ಹಾಕ್ಕೋತೀನಿ."

ಆದರೆ ಅದು ಬಾಗಲಿಲ್ಲ, ಒಳಗೂ ಹೋಗಲಿಲ್ಲ. ಅವಳು ಒಪ್ಪಿದ ಆ ಒಂದೇ ಬೆಲ್ಟನ್ನು ಯಾವ ಮನುಷ್ಯರಿಗೂ ಹಾಕುವಂತಿರಲಿಲ್ಲ.

ಬಾಗಿಲು ಮುಚ್ಚಲೆಂದು ಅದನ್ನು ಬಲವಂತವಾಗಿ ಮಡಚಿ, ನಾನೊಬ್ಬಳೇ ಹಿಂದಿನ ಸೀಟಿನಲ್ಲಿ ಕುಳಿತು ಕೊಪ್ಪಳಕ್ಕೆ ಮರಳಿದೆ. ಶಸ್ತ್ರಚಿಕಿತ್ಸೆಗೆ ನಾಲ್ಕು ದಿನ ಉಳಿದಿತ್ತು. ಕಾವು ತಿಂದ ದಾರವನ್ನು ನಂಬಬಾರದು. ಗ್ಯಾರೇಜಿನಲ್ಲಿ ಇಡೀ ಬೆಲ್ಟನ್ನೇ ಬದಲಿಸಿ ಹೊಸದನ್ನು ಹಾಕಿಸಿದೆ. ಹೊಸ ಬೆಲ್ಟಿಗೆ ಹುಟ್ಟಿನಿಂದಲೇ ಬಿಗುವು ಇತ್ತು. ಶಸ್ತ್ರಚಿಕಿತ್ಸೆಯ ದಿನ ಕರೆದೊಯ್ಯಲು ಹೋದಾಗ ತಂಗಿ ಅದನ್ನು ಮುಟ್ಟಿ, "ಗಂಜಿ ಹದಕ್ಕ ಬಂದೈತಿ" ಎಂದು ಅಗಸನಿಗೆ ಮೆಚ್ಚುಗೆ ಹೇಳಿ ಕಳಿಸಿದಳು. ಸುಳ್ಳಾಡುವುದು ನನ್ನ ಪದ್ಧತಿಯಲ್ಲ. ಅಂದು ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ.

ಒಂದು ಕಣ್ಣು

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ತಂಗಿ ವೈದ್ಯರನ್ನು ನೋಡಿದಳು, ಗೋಡೆಯನ್ನು ನೋಡಿದಳು, ಕೊನೆಗೆ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾವಿಬ್ಬರೂ ಓದಿದ ಕಾನ್ವೆಂಟ್ ಶಾಲೆಯಲ್ಲಿ ಇತರರ ಎದುರು ಅಳುವುದನ್ನು ಕಲಿಸಿರಲಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ.

ಕಾರು ಹತ್ತಿದವಳು ಯಾರೂ ಹೇಳದೆ ಬೆಲ್ಟ್ ಎಳೆದು ಹಾಕಿಕೊಂಡಳು. ಅದರ ಉದ್ದಕ್ಕೂ ದೃಷ್ಟಿ ಹಾಯಿಸಿ, "ಛಲೋ ಐತಿ" ಎಂದಳು. ಡ್ರೈವರನ ಮುಖ ಅರಳಿತು.

ಆಮೇಲೆ ಅವಳು ತಲೆಯೆತ್ತಿದಳು.

"ಈ ಗಾಜು ಯಾವಾಗ ಒರಸೀಯೋ? ಸೀಟಿನ ಮ್ಯಾಲ ಇದೇನು, ಚಾ? ಕಾಲಿನ ಬುಡಕ ಇಷ್ಟ ಶೇಂಗಾ ಸಿಪ್ಪಿ! ಎಲ್ಲಿ, ನಿನ್ನ ಕಾಲರ್ ಈ ಕಡೆ ತಿರುಗಿಸು. ಏನಪಾ ಇದು, ನಾಲ್ಕ ಮಕ್ಕಳ ತಂದಿ ನೀನು! ಅಕ್ಕಾ, ನೀ ನಗಬ್ಯಾಡ, ನಿನ್ನ ಸೆರಗಿಗೆ ಸಾರು ಹತ್ತೈತಿ. ಎಂದಿಂದದು?"

ನಾನು ನಕ್ಕಿರಲಿಲ್ಲ. ಸಾರು ಮೊನ್ನೆಯದು.

ಗಿಣಿಗೇರಾ ಬರುವಷ್ಟರಲ್ಲಿ ಅವಳು ದಣಿದು ಕಣ್ಣು ಮುಚ್ಚಿದಳು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಪಿಸುದನಿಯಲ್ಲಿ ಕೇಳಿದ: "ಅಕ್ಕಾರ, ಇನ್ನೊಂದ್ ಕಣ್ಣಿನ ಆಪರೇಷನ್... ಸ್ವಲ್ಪ ಮುಂದಕ್ಕ ಹಾಕಾಕ ಬರ್ತೈತೇನ್ರಿ?"

ತಂಗಿ ಕಣ್ಣು ತೆರೆಯದೆಯೇ ಉತ್ತರಿಸಿದಳು: "ಕಿವಿಗೆ ಪೊರಿ ಬಂದಿರಲಿಲ್ಲಪಾ."